ಮೂವತ್ತೇಳು ಕಾಯಿಗೆ ಒಂದೇ ಸಾಲು

ಗೆಳೆಯರೇ, ಇವತ್ತು ಗುಂಡ್ಲುಪೇಟೆಯಲ್ಲಿ ನಮ್ಮ ಬೀದಿಯ ಸಿದ್ದಪ್ಪನ ಮಗಳು ಗೌರಿಯ ನಿಶ್ಚಿತಾರ್ಥ ಮೂವತ್ತೇಳು ತೆಂಗಿನಕಾಯಿಗೆ ಸಿಕ್ಕಿಕೊಂಡು ನಿಂತುಬಿಟ್ಟಿತು. ಬೇಗೂರಿನಿಂದ ಕಾಯಿ ತಂದಿದ್ದ ಗಂಡಿನ ತಾತ ಪಟ್ಟು ಹಿಡಿದರು: "ಸಾಲೆಲ್ಲ ಸಮ ಇರ್ಬೇಕು. ಒಂಟಿ ಕಾಯಿ ಉಳುದ್ರೆ ಎದ್ದೋಯ್ತೀವಿ ಕಣಯ್ಯ."

ಎರಡು ಸಾಲಿಟ್ಟರೆ ಒಂದು ಉಳಿಯಿತು. ಮೂರಕ್ಕೂ ಒಂದು, ನಾಲ್ಕಕ್ಕೂ ಒಂದು, ಐದಕ್ಕೆ ಎರಡು, ಆರಕ್ಕೆ ಮತ್ತೆ ಒಂದು. ಸಿದ್ದಪ್ಪ ಬೆವೆತು ನನ್ನ ಕಡೆ ತಿರುಗಿದ. "ನೀವು ಓದ್ದೋರು, ಏನಾರ ಮಾಡಿ ಸ್ವಾಮಿ."

"ಗುಣಿಸಿದ್ರೆ ಮೂವತ್ತೇಳಾಗೋದು ಒಂದೇ ಜೋಡಿ," ಎಂದೆ. "ಒಂದು ಸಾಲು, ಮೂವತ್ತೇಳು ಕಾಯಿ."

ತಾತ ಒಪ್ಪಿದರು. ಗೌರಿ ತಾನೇ ಇಡುತ್ತ ಹೊರಟಳು. ಸಾಲು ಪಡಸಾಲೆ ದಾಟಿತು, ಜಗಲಿ ಇಳಿಯಿತು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬಂದ ಮಂಜಿನಲ್ಲಿ ಕಾಯಿಗಳು ನಿದ್ದೆಗಣ್ಣಿನಲ್ಲಿ ತಾವೇ ನಡೆದು ಹೋಗುತ್ತಿದ್ದಂತೆ ಕಂಡವು. ಕೊನೆಯದು ಪಕ್ಕದ ಮನೆಯ ಹೊಸಿಲಿಗೆ ಹೋಗಿ ನಿಂತಿತು. ಅದು ಸಿದ್ದಪ್ಪನ ಅಣ್ಣನ ಮನೆ. ಕನ್ನಡ ಸೀಮೆಗಳೆಲ್ಲ ಒಂದಾದರೂ ಈ ಅಣ್ಣತಮ್ಮಂದಿರು ಒಂದಾಗಿರಲಿಲ್ಲ. ಇವತ್ತೂ ಅವನನ್ನು ಕರೆದಿರಲಿಲ್ಲ.

ಬಾಗಿಲು ತೆರೆದು ಅಣ್ಣ ಗುಡುಗಿದ: "ಯಾರ್ಲಾ ಇಲ್ಲಿ ಕಾಯಿ ಮಡಗ್ದೋರು?"

"ನಾನು ಕಣ್ ದೊಡ್ಡಪ್ಪ. ಎತ್ಬುಟ್ರೆ ಸಾಲು ಕೆಟ್ಟೋಯ್ತದೆ, ನನ್ ಮದ್ವೆನೂ."

ಅವನು ಕಾಯಿ ಮುಟ್ಟಲಿಲ್ಲ. ಒಳಗೆ ಹೋಗಿ ವಲ್ಲಿ ಹೊದ್ದು ಬಂದು, ಸಾಲಿನ ಪಕ್ಕದಲ್ಲೇ ಮೆಲ್ಲಗೆ ನಡೆದು ತಮ್ಮನ ಮನೆ ಹೊಕ್ಕ. ಸಿದ್ದಪ್ಪ ಚಾಪೆಯಲ್ಲಿ ಸರಿದು ಕೂತ.

ಮನೆಗೆ ಬರುವಾಗ ಹೊಳೆಯಿತು. ಒಂದಕ್ಕೊಂದು ತಾಗಿಸಿ ಇಟ್ಟಿದ್ದರೆ ಮೂವತ್ತೇಳೂ ಜಗಲಿಯೊಳಗೇ ಮುಗಿಯುತ್ತಿದ್ದವು. ಮೊಳಕ್ಕೊಂದು ಇಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗುಣಿತ ನನ್ನದು, ಗಣಿತ ಅವಳದು.