ಇಷ್ಟಲಿಂಗ ಕಳೆದ ದಿನ

ಅದು ಎಂಬತ್ತೇಳನೇ ಇಸವಿಯ ಮೇ ತಿಂಗಳು. ತಿಪಟೂರಿನಲ್ಲಿ ನಾನು ಬಿ.ಎ. ಕೊನೆಯ ವರ್ಷದ ಪರೀಕ್ಷೆಗೆ ಓದುತ್ತಿದ್ದೆ. ನಮ್ಮೂರು ಹಾಲ್ಕುರಿಕೆ ಕಡೆಯ ಒಂದು ಹಳ್ಳಿ. ಬಸ್ಸು ನಂಬಿಕೊಂಡು ದಿನಾ ಓಡಾಡಿದರೆ ಇವಳು ಓದಿದ ಹಾಗೇ ಎಂದು ಅಪ್ಪ ಪೇಟೆಯಲ್ಲಿ ಗಂಗಮ್ಮಜ್ಜಿಯ ಮನೆಯಲ್ಲಿ ಒಂದು ಕೋಣೆ ಹಿಡಿದು ಕೊಟ್ಟಿದ್ದರು. ಅಜ್ಜಿ ನಮ್ಮವರೇ, ಲಿಂಗಾಯತರು. ಗಂಡ ತೀರಿಕೊಂಡ ಮೇಲೂ ಕೊಬ್ಬರಿ ವ್ಯಾಪಾರ ಬಿಡದೆ ನಡೆಸಿಕೊಂಡು ಬಂದಿದ್ದ ಗಟ್ಟಿ ಹೆಂಗಸು. ಅವರು ಕೆಮ್ಮಿದರೆ ಮಂಡಿ ದಲ್ಲಾಳಿಗಳೂ ಎದ್ದು ನಿಲ್ಲುತ್ತಿದ್ದರು.

ಕೋಣೆಯಲ್ಲಿ ನನ್ನ ಜೊತೆಗಿದ್ದವಳು ಹುಳಿಯಾರಿನ ನೂರ್‌ಜಹಾನ್. ನಾವಿಬ್ಬರೂ ಒಂದೇ ಕ್ಲಾಸು, ಒಂದೇ ಬೆಂಚು. ಅವಳನ್ನು ಸೇರಿಸಿಕೊಳ್ಳುವಾಗ ಅಜ್ಜಿ, "ನನ್ನ ಮನೇಲಿ ಮೊಟ್ಟೆ ಮಾಂಸ ಬೇಯಂಗಿಲ್ಲ ಕಣವ್ವ, ಮಿಕ್ಕಿದ್ದು ನಿನ್ನಿಷ್ಟ" ಎಂದಿದ್ದರು. ಅವಳೂ ಸರಿ ಅಂದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಪೂರ್ವಕ್ಕೆ ಮುಖ ಮಾಡಿ ಲಿಂಗಪೂಜೆಗೆ ಕೂರುತ್ತಿದ್ದೆ. ಅವಳು ಪಶ್ಚಿಮಕ್ಕೆ ತಿರುಗಿ ನಮಾಜು ಮಾಡುತ್ತಿದ್ದಳು. ಕೋಣೆ ಚಿಕ್ಕದು, ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ. ಮೊದಮೊದಲು ನಮಗಿಬ್ಬರಿಗೂ ನಗು ಬರುತ್ತಿತ್ತು, ಆಮೇಲೆ ಅದೇ ರೂಢಿಯಾಯಿತು.

ನಮ್ಮಲ್ಲಿ ಚಿಕ್ಕಂದಿನಲ್ಲೇ ಗುರುಗಳು ಕೊಡುವ ಇಷ್ಟಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಶಿವದಾರ ಕಟ್ಟಿ, ಕೊರಳಲ್ಲಿ ಧರಿಸುತ್ತೇವೆ. ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮೈಮೇಲಿಂದ ತಪ್ಪಿಹೋದರೆ ಅದು ಸಿಗುವವರೆಗೆ ತೊಟ್ಟು ನೀರೂ ಇಲ್ಲ. ಈಗಿನವರಿಗೆ ಅತಿಯಾಯಿತು ಅನ್ನಿಸಬಹುದು. ನಾನು ಬೆಳೆದ ಮನೆಯಲ್ಲಿ ಇದನ್ನು ಯಾರೂ ಕಷ್ಟ ಅಂದುಕೊಂಡಿರಲಿಲ್ಲ.

ಪರೀಕ್ಷೆ ನಾಳೆ ಶುರು ಅನ್ನುವ ದಿನ. ರಂಜಾನ್ ತಿಂಗಳು ಬೇರೆ, ನೂರ್ ರೋಜಾ ಹಿಡಿದಿದ್ದಳು. ನಾನು ಬೆಳಿಗ್ಗೆ ಎದ್ದು ಹಂಡೆ ಒಲೆಗೆ ಕರಟ ತರಲು ಹಿತ್ತಲಿಗೆ ಹೋದೆ. ಹಿಂದಿನ ವಾರವಷ್ಟೇ ಅಟ್ಟದ ಕಾಯಿ ಇಳಿಸಿ ಕೊಬ್ಬರಿ ಒಡೆಸಿದ್ದರು, ಕರಟ ನನ್ನೆತ್ತರಕ್ಕೆ ರಾಶಿ ಬಿದ್ದಿತ್ತು. ಬಗ್ಗಿ ಬುಟ್ಟಿ ತುಂಬಿಕೊಂಡು ಬಂದು ಒಲೆಗೆ ಸುರಿದೆ. ನೀರು ಕಾದ ಮೇಲೆ ಬಚ್ಚಲಿಗೆ ಹೋಗಿ ಎದೆ ಮುಟ್ಟಿಕೊಂಡರೆ ಲಿಂಗವಿಲ್ಲ. ಹಳೆಯ ಶಿವದಾರ ಎಲ್ಲೋ ಹರಿದುಹೋಗಿತ್ತು.

ಕರಟದ ಜೊತೆ ಒಲೆಗೇ ಬಿತ್ತೋ ಏನೋ ಎಂಬ ಯೋಚನೆ ಬಂದದ್ದೇ ತಡ, ಹಂಡೆಯ ನೀರನ್ನೆಲ್ಲ ಬೆಂಕಿಗೆ ಸುರಿದು ಕೂಗಿಕೊಂಡೆ. ಅಜ್ಜಿ ಓಡಿ ಬಂದರು. ಇಬ್ಬರೂ ಕೂತು ಬೂದಿ ಕೆದಕಿದೆವು. ಅಲ್ಲಿ ಸಿಗಲಿಲ್ಲ. ಬಚ್ಚಲು, ಕೋಣೆ, ಬಾವಿಕಟ್ಟೆ ಎಲ್ಲ ನೋಡಿದ್ದಾಯಿತು. ಸಿಗದಿದ್ದರೆ ಮಠಕ್ಕೆ ಹೋಗಿ ಬೇರೆ ಲಿಂಗ ಪಡೆಯಬೇಕು. ಗುರುಗಳು ಊರಲ್ಲಿರಲಿಲ್ಲ, ಬರಲು ಇನ್ನೂ ಕೆಲವು ದಿನ ಬೇಕಿತ್ತು. ಅಷ್ಟು ದಿನ ಉಪವಾಸವಿದ್ದು ಪರೀಕ್ಷೆ ಬರೆಯುವುದು ನನ್ನ ಕೈಲಾಗುವ ಮಾತಲ್ಲ. ಪರೀಕ್ಷೆ ಹೋದರೆ ಅಪ್ಪ ಇನ್ನೊಂದು ವರ್ಷ ಓದಿಸುವವರೂ ಅಲ್ಲ. ನಾನು ಬೂದಿ ಮೈಯಲ್ಲೇ ಕೂತು ಅತ್ತುಬಿಟ್ಟೆ.

ಅಜ್ಜಿ ನನ್ನ ಬೆನ್ನು ಸವರಿ, "ಹೆದರ್ಕೋಬೇಡ ಕಣೇ, ಮನೇಲೇ ಎಲ್ಲೋ ಐತೆ. ಸಿಗೋಗಂಟ ನಾನೂ ಉಣ್ಣಲ್ಲ" ಎಂದರು.

ನೂರ್ ತಾನು ಓದುತ್ತಿದ್ದ ಪುಸ್ತಕ ಮುಚ್ಚಿಟ್ಟು ಬಂದಳು. "ಲೇ ಗಿರಿಜಾ, ನಂದಾದ್ರೆ ಹೊತ್ತು ಮುಳುಗಿದ್ರೆ ಮುಗೀತು. ನಿಂದಕ್ಕೆ ಹೊತ್ತೂ ಇಲ್ಲ ಗೊತ್ತೂ ಇಲ್ಲ. ಅಳೋದು ಬುಟ್ಟು ಕೆಲಸ ನೋಡು" ಎಂದು ಗದರಿಸಿ, ನೇರ ಹಿತ್ತಲಿನ ಕರಟದ ರಾಶಿಗೆ ಹೋಗಿ ಕೂತಳು. ಒಂದೊಂದೇ ಕರಟ ಎತ್ತಿ, ನೋಡಿ, ಆಚೆ ಹಾಕತೊಡಗಿದಳು.

ನಾನೂ ಕೂತೆ. ಆದರೆ ಬಿಸಿಲೇರಿದ ಹಾಗೆ ತಲೆ ಸುತ್ತಲು ಶುರುವಾಯಿತು. ಅಜ್ಜಿ ನನ್ನನ್ನು ಕೈ ಹಿಡಿದು ತಂದು ಹಿತ್ತಲ ಜಗಲಿಯಲ್ಲಿ ಒರಗಿಸಿದರು. ಅಲ್ಲಿಂದಲೇ ನೂರಳ ಬೆನ್ನು ಕಾಣುತ್ತಿತ್ತು.

ಮಧ್ಯಾಹ್ನಕ್ಕೆ ಇದ್ದಿಲು ಸುಡುವವನ ಎತ್ತಿನ ಗಾಡಿ ಬಂತು. ಆ ರಾಶಿಯನ್ನು ಅಜ್ಜಿ ಅವನಿಗೆ ಮೊದಲೇ ಮಾರಿಯಾಗಿತ್ತು, ನಮಗೆ ಮರೆತೇ ಹೋಗಿತ್ತು. ಅವನು ಮಂಕರಿ ತೆಗೆದುಕೊಂಡು ತುಂಬಲು ಬಂದ. ನೂರ್ ಏಳಲಿಲ್ಲ.

"ಅಣ್ಣ, ಇದ್ರಾಗೆ ನಮ್ಮ ಗಿರಿಜನ ಲಿಂಗ ಬಿದ್ದೈತೆ. ನಾನು ಒಂದೊಂದೇ ನೋಡಿ ಕೊಡ್ತೀನಿ, ನೀವು ತುಂಬ್ಕಳಿ."

"ಹಂಗೆ ಕೂತ್ರೆ ಹೊತ್ತು ಮುಳುಗ್ತದೆ ಕಣವ್ವ."

"ಮುಳುಗ್ಲಿ ಬುಡಿ. ನಾನೂ ಬೆಳಿಗ್ಗೆಯಿಂದ ಅದನ್ನೇ ಕಾಯ್ತಿದೀನಿ."

ಅವನಿಗೆ ರೋಜಾದ ವಿಷಯ ಅರ್ಥವಾಗಿರಬೇಕು. ನಕ್ಕು ಎತ್ತಿನ ಕೊರಳು ಬಿಚ್ಚಿ ನೆರಳಿಗೆ ಕಟ್ಟಿದ.

ರಾಶಿ ಅರ್ಧ ಕರಗಿತ್ತು. ನನಗೆ ಜೊಂಪು ಹತ್ತಿತ್ತೋ ಏನೋ, ನೂರ್ ಕರೆದದ್ದು ಕೇಳಿ ಎಚ್ಚರವಾಯಿತು. "ಗಿರಿಜಾ, ಬಾರೇ ಇಲ್ಲಿ" ಎಂದಳು. ಬಿದ್ದು ಎದ್ದು ಓಡಿದೆ. ಅವಳು ಎರಡೂ ಕೈಯಲ್ಲಿ ಒಂದು ಕರಟ ಹಿಡಿದು ನಿಂತಿದ್ದಳು. ಒಳಗೆ ಕಪ್ಪಗೆ, ಪುಟ್ಟದಾಗಿ, ನನ್ನ ಲಿಂಗ. ಗಂಟು ಬಿಚ್ಚಿದ ಬಟ್ಟೆ ಅವಳ ಕಾಲ ಬಳಿ ಕರಟಗಳ ನಡುವೆ ಸಿಕ್ಕಿಕೊಂಡಿತ್ತು.

"ಮುಟ್ಟಿಲ್ಲ ಕಣೇ" ಎಂದಳು ನೂರ್. "ಹೆಂಗಿತ್ತೋ ಹಂಗೇ ಐತೆ. ಕರಟ ಮಾತ್ರ ಹಿಡ್ಕೊಂಡಿದೀನಿ."

ನಾನು ಕೈ ಚಾಚಿದೆ. ಹಿಂದಿನಿಂದ ಅಜ್ಜಿ, "ತಡಿಯೇ, ಬೂದಿ ಕೈಯಾಗೆ ಮುಟ್ತೀಯಾ? ಮಿಂದು ಬಾ ಹೋಗು" ಎಂದರು. ಹೌದು, ನನ್ನ ತಲೆಯಿಂದ ಕಾಲಿನವರೆಗೂ ಬೂದಿ. ಲಿಂಗ ಉರುಳಿ ಬಿದ್ದೀತೆಂದು ಕರಟ ಕೈಬದಲಾಯಿಸುವ ಹಾಗೂ ಇರಲಿಲ್ಲ. "ಹೋಗಿ ಬಾ, ನಾನಿರ್ತೀನಿ" ಎಂದಳು ನೂರ್.

ಹಂಡೆ ಬರಿದಾಗಿತ್ತು. ಬಾವಿಯಿಂದ ನೀರು ಸೇದಿ, ತಲೆಗೆ ಸುರಿದುಕೊಂಡು, ಮಡಿ ಸೀರೆ ಉಟ್ಟು ಬರುವಷ್ಟರಲ್ಲಿ ಸುಮಾರು ಹೊತ್ತಾಯಿತು. ಬಂದು ನೋಡಿದರೆ ನೂರ್ ಅದೇ ಜಾಗದಲ್ಲಿ, ಅದೇ ಬಿಸಿಲಿನಲ್ಲಿ ನಿಂತಿದ್ದಾಳೆ. ತುಟಿ ಒಣಗಿ ಬಿಳಿಚಿಕೊಂಡಿದೆ. ಕರಟದ ಅಂಚು ಕೊಯ್ದು ಬೆರಳುಗಳಲ್ಲಿ ರಕ್ತ ಹೆಪ್ಪುಗಟ್ಟಿದೆ. ಪಕ್ಕದಲ್ಲಿ ಅಜ್ಜಿ ತಮ್ಮ ಸೆರಗು ಎತ್ತಿ ಅವಳ ತಲೆಗೆ ಬಿಸಿಲು ತಾಗದ ಹಾಗೆ ಹಿಡಿದುಕೊಂಡಿದ್ದಾರೆ. ಗಾಡಿಯವನೂ ಮಂಕರಿ ಕೆಳಗಿಟ್ಟು ನಿಂತಿದ್ದ.

ಲಿಂಗವನ್ನು ಅಂಗೈಗೆ ತೆಗೆದುಕೊಂಡಾಗ ನನಗೆ ಬಂದ ಅಳು ಬೇರೆಯೇ ಥರದ್ದು. ಪೂಜೆ ಮಾಡುವಾಗಲೂ ಅದು ನಿಲ್ಲಲಿಲ್ಲ.

ಅಜ್ಜಿ ಅನ್ನ, ಮಜ್ಜಿಗೆ ಬಡಿಸಿದರು. ನೂರ್ ನನ್ನೆದುರಿಗೇ ಕೂತಳು. ಬೆಳಗಿನಿಂದ ನನಗಿಂತ ಹೆಚ್ಚು ಬಿಸಿಲು ಕುಡಿದವಳು ಬಾಯಾರಿ ಕೂತಿರುವಾಗ ನಾನು ಉಣ್ಣುವುದು ಹೇಗೆ? ಸಂಜೆ ನಿನ್ನ ಜೊತೆಗೇ ಉಣ್ಣುತ್ತೇನೆ ಎಂದೆ. ಅವಳಿಗೆ ಸಿಟ್ಟು ಬಂತು.

"ನನ್ನ ರೋಜಾ ನೀನ್ಯಾಕೆ ಹಿಡೀತೀಯ? ಅದು ನಂದು. ನಿಂದು ಮುಗೀತು, ಉಣ್ಣು. ನಾಳೆ ಬರಿಯೋಕೆ ಕೈಯಲ್ಲಿ ಬಲ ಬೇಡ್ವಾ?"

ನಾನು ಉಂಡೆ. ಅಜ್ಜಿಯೂ ಆಮೇಲೆಯೇ ಉಂಡರು. ನೂರ್ ಇತಿಹಾಸದ ಪುಸ್ತಕ ತಂದು ಜೋರಾಗಿ ಓದಿ ಹೇಳುತ್ತ ಕೂತಳು.

ತಿಪಟೂರು ಕಡೆಯವರಿಗೆ ಗೊತ್ತು, ನಮ್ಮಲ್ಲಿ ಎಳನೀರು ಕೀಳುವುದೆಂದರೆ ಎಷ್ಟು ಸಂಕಟ ಎಂದು. ಕಾಯಿ ಮರದಲ್ಲಿ ಬಲಿಯಬೇಕು, ಅಟ್ಟದಲ್ಲಿ ಒಣಗಬೇಕು, ಕೊಬ್ಬರಿಯಾಗಬೇಕು. ಜ್ವರ ಬಂದವರಿಗೆ ಬಿಟ್ಟರೆ ಎಳನೀರು ಕೆತ್ತಿದ್ದನ್ನು ನಾನು ಆ ಮನೆಯಲ್ಲಿ ನೋಡಿರಲಿಲ್ಲ. ಅವತ್ತು ಹೊತ್ತಿಳಿಯುವಾಗ ಅಜ್ಜಿ ಕೆತ್ತಿದ ಎಳನೀರು ಹಿಡಿದು ನಮ್ಮ ಕೋಣೆಯ ಬಾಗಿಲಿಗೆ ಬಂದರು.

"ನೂರವ್ವ, ಈಗ ಕುಡೀಬೋದೇನೇ?"

"ಇನ್ನೊಂದು ಚೂರು ತಡೀರಿ ಅಜ್ಜಿ, ಬಾಂಗು ಆಗ್ಲಿ."

ಅಜ್ಜಿ ಹೊಸ್ತಿಲ ಮೇಲೆ ಕೂತು ಕಾದರು. ಮಸೀದಿಯ ಬಾಂಗು ತೋಟದ ಮೇಲಿಂದ ತೇಲಿ ಬಂತು. ನೂರ್ ಕಣ್ಣು ಮುಚ್ಚಿ ಏನೋ ಹೇಳಿಕೊಂಡಳು. ಅಷ್ಟು ಹೊತ್ತೂ ಅಜ್ಜಿ ಎಳನೀರು ಹಿಡಿದ ಕೈ ಇಳಿಸಲಿಲ್ಲ. ಅವಳು ಗಟಗಟ ಕುಡಿಯುವುದನ್ನು ನೋಡುತ್ತ, "ನಿಧಾನ ಕಣೇ, ನೆತ್ತಿಗೆ ಹತ್ತಾತು" ಎಂದರು.

ಮಾರನೆಯ ದಿನ ಇಬ್ಬರೂ ಪರೀಕ್ಷೆ ಬರೆದೆವು, ಇಬ್ಬರೂ ಪಾಸಾದೆವು. ನಾನು ಮೇಷ್ಟರ ಕೆಲಸ ಹಿಡಿದು ಕೊನೆಗೆ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಕೂಡ ಆದೆ. ರಂಜಾನ್ ತಿಂಗಳಲ್ಲಿ ಬೆಳಗಿನ ಜಾವಕ್ಕೇ ಅಡುಗೆಮನೆ ತೆಗೆಸಿದಾಗ, ಶಿವರಾತ್ರಿಯ ಉಪವಾಸದವರಿಗೆ ಹಣ್ಣು ತರಿಸಿದಾಗ, ಯಾರೋ ನಾಲ್ಕು ಹುಡುಗಿಯರಿಗಾಗಿ ಇಷ್ಟೆಲ್ಲ ಯಾಕೆ ಮೇಡಂ ಎಂದು ಅಡುಗೆಯವರು ಗೊಣಗುತ್ತಿದ್ದರು. ನಾನು ಅವರಿಗೆ ಉಪದೇಶ ಮಾಡಲಿಲ್ಲ. ಮಾಡ್ರಪ್ಪ, ಪುಣ್ಯ ಬರುತ್ತೆ ಅನ್ನುತ್ತಿದ್ದೆ. ನನ್ನ ನಂಬಿಕೆ ತನ್ನದಲ್ಲದಿದ್ದರೂ ಒಬ್ಬಳು ಅದನ್ನು ನನಗಿಂತ ಜೋಪಾನವಾಗಿ ಕಾಪಾಡಿದ್ದನ್ನು ಕಂಡವಳಿಗೆ ಬೇರೆ ದಾರಿಯೇ ಇರಲಿಲ್ಲ.

ಮೊನ್ನೆ ನೂರಳ ಮಗಳ ಮದುವೆಗೆ ಹುಳಿಯಾರಿಗೆ ಹೋಗಿದ್ದೆ. ಊಟ ಮುಗಿಸಿ ಇಬ್ಬರೂ ಒಂದು ಮೂಲೆಯಲ್ಲಿ ಕೂತಾಗ, ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ. "ಅವತ್ತು ಅಷ್ಟು ಹೊತ್ತು ಯಾಕೆ ಹಿಡಿದು ನಿಂತೆ ನೂರ್? ಹತ್ತಿರದಲ್ಲೇ ಜಗಲಿ ಇತ್ತಲ್ಲ, ಇಟ್ಟು ಕೂರಬಹುದಿತ್ತು."

ಅವಳು ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದಳು.

"ನಿನ್ನ ದೇವರು ಕಣೇ ಅದು. ಹೆಂಗೆ ಕೆಳಗಿಡ್ಲಿ?"