ಗುಂಗುರು ಹೇಳಿದ ಒಂದು ಮಾತು

ನಮ್ಮ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ತಲೆ ತುಂಬ ಗುಂಗುರು ಕೂದಲು, ಹಾಗಾಗಿ ಎಲ್ಲರ ಬಾಯಲ್ಲೂ ಗುಂಗುರು. ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲೇ ಅವಳ ಪಾರ್ಲರ್. ನಡುವೆ ಇರುವುದು ಹಲಗೆಯ ಗೋಡೆ. ಆ ಕಡೆಯ ಉಸಿರೂ ಈ ಕಡೆಗೆ ಕೇಳುತ್ತದೆ. ಊರೆಲ್ಲ ಅವಳನ್ನು ಕಾನೂನನ್ನೇ ಬದಲಾಯಿಸಿದವಳು ಎಂದು ಹೊಗಳುತ್ತದೆ. ಹೊಗಳಲಿ. ಹೊಗಳುವವರು ಹಲಗೆಯ ಈ ಕಡೆ ಕೂತವರಲ್ಲ.

ಕೂದಲು ಕತ್ತರಿಸುವುದನ್ನು ಕಲಿಸುವ ಶಾಲೆಯೊಂದು ಮುಂದಿನ ಬೀದಿಯಲ್ಲಿತ್ತು. ನಡೆಸುತ್ತಿದ್ದವರು ದೊಡ್ಡಕ್ಕ. ಗಿಡ್ಡ ಕ್ರಾಪು, ಕತ್ತಿನ ಹಿಂದೆ ಗೆರೆ ಎಳೆದ ಹಾಗೆ ಅಂಚು, ಬಾಯಿ ಜೋರು, ಕರುಳು ಮೆತ್ತಗೆ. ಗುಂಗುರು ಅಲ್ಲಿ ಕಸ ಗುಡಿಸಲು ಸೇರಿದ್ದಳು. ಕಲಿಯಲು ಬಂದವರೆಲ್ಲ ಮನೆಗೆ ಹೋದ ಮೇಲೆ ದೊಡ್ಡಕ್ಕ ಇವಳ ಕೈಗೆ ಕತ್ತರಿ ಕೊಟ್ಟು, ತಮ್ಮ ತಲೆಯನ್ನೇ ಒಡ್ಡಿ ಕೂರುತ್ತಿದ್ದರು. "ಕೆಟ್ರೆ ನನ್ನ ತಲೆ ತಾನೇ ಕೆಡೋದು? ಹೂಂ, ಹಿಡಿ ಕತ್ತರಿ!"

ಕೈ ಕುದುರಿತು. ಆಮೇಲೆ ಅದೇ ವಾಡಿಕೆಯಾಯಿತು. ಸೋಮವಾರ ರಜೆ, ಇವಳು ದೊಡ್ಡಕ್ಕನ ಕೂದಲು ಕತ್ತರಿಸುವುದು, ಆಮೇಲೆ ಅದೇ ಕುರ್ಚಿಯಲ್ಲಿ ಇವಳು ಕೂತು ದೊಡ್ಡಕ್ಕ ಇವಳದನ್ನು ಕತ್ತರಿಸುವುದು. ಈ ಕಸುಬಿನವರು ಊರ ತಲೆಯನ್ನೆಲ್ಲ ನೇರ ಮಾಡಿದರೂ ಅವರ ಕತ್ತಿನ ಹಿಂಭಾಗ ಅವರ ಕೈಗೆ ಸಿಗುವುದಿಲ್ಲ. ಅದನ್ನು ನಂಬಿದವರಿಗೆ ಮಾತ್ರ ಒಪ್ಪಿಸುತ್ತಾರೆ. ಎಲ್ಲ ಮುಗಿದ ಮೇಲೆ ಗುಂಗುರು ಪೊರಕೆ ಹಿಡಿದು ರಾಗ ಎಳೆಯುತ್ತಿದ್ದಳು: "ಈ ಶಾಲೇಲಿ ನಾನು ಕಲಿತದ್ದು ಗುಡಿಸೋದೊಂದೇ ಅಕ್ಕಾ!" ದೊಡ್ಡಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪ್ರತಿ ಸೋಮವಾರ ಅದೇ ತಮಾಷೆ, ಅದೇ ನಗು.

ಆದರೆ ಕತ್ತರಿ ಹಿಡಿದು ಹೊಟ್ಟೆ ಹೊರೆಯಬೇಕಾದರೆ ಲೈಸೆನ್ಸ್ ಬೇಕು, ಲೈಸೆನ್ಸ್ ಬೇಕಾದರೆ ವರ್ಷಗಟ್ಟಲೆ ಹಗಲು ತರಗತಿಯಲ್ಲಿ ಕೂರಬೇಕು ಎಂದು ಕಾನೂನು. ಹಗಲು ದುಡಿದರೆ ಮಾತ್ರ ಗುಂಗುರುವಿನ ಮನೆಯಲ್ಲಿ ಒಲೆ ಉರಿದು ಮಕ್ಕಳ ಹೊಟ್ಟೆ ತುಂಬುವುದು. ಅವಳು ಅಡುಗೆಮನೆಯಲ್ಲೇ ನೆರೆಹೊರೆಯವರ ಕೂದಲು ಕತ್ತರಿಸತೊಡಗಿದಳು. ಇನ್‌ಸ್ಪೆಕ್ಟರ್ ಬಂದು ಕತ್ತರಿ, ಬಾಚಣಿಗೆ ಎಲ್ಲ ಎತ್ತಿಕೊಂಡು ಹೋದ. ದೊಡ್ಡಕ್ಕ ಅವನ ಕಚೇರಿಗೆ ನುಗ್ಗಿ, ಕೂಗಾಡಿ, ಕತ್ತರಿ ಬಿಡಿಸಿಕೊಂಡು ಬಂದರು. ಸುದ್ದಿ ಪತ್ರಿಕೆಯಲ್ಲಿ ಬಂತು.

ಅದನ್ನು ಓದಿಕೊಂಡು ಒಬ್ಬ ವಕೀಲೆ ಬಂದಳು. ಊರ ನಡುವಿನ ಎತ್ತರದ ಕಟ್ಟಡದಲ್ಲಿ ಅವಳ ಸಂಸ್ಥೆ. ವ್ಯಾಪಾರಕ್ಕೆ ಸರ್ಕಾರ ಅಡ್ಡ ಬರಬಾರದು, ದುಡಿದು ತಿನ್ನುವವರ ದಾರಿಯಲ್ಲಿ ಲೈಸೆನ್ಸಿನ ಬೇಲಿ ಇರಬಾರದು ಎಂದು ವರದಿ ಬರೆಯುವುದು, ಹೊಸ ಕಾನೂನಿನ ಕರಡು ಮಾಡಿ ಶಾಸಕರ ಕೈಗಿಡುವುದು ಅವರ ಕೆಲಸ. ನಮ್ಮ ಬೀದಿಯವರು ಅದನ್ನು ಬೇಲಿ ಕೀಳೋರ ಆಫೀಸು ಅನ್ನುತ್ತಿದ್ದರು. ಅವರ ಹತ್ತಿರ ಅಂಕಿಅಂಶ ರಾಶಿ ಬಿದ್ದಿತ್ತು, ಮುಖ ಇರಲಿಲ್ಲ. ಪ್ರತಿಯೊಂದು ಕಾನೂನಿಗೂ ಒಬ್ಬ ಬಡಪಾಯಿಯ ಮುಖ ಹುಡುಕುವುದು ಅವರ ಪದ್ಧತಿ. ವಕೀಲೆ ಕೆಟ್ಟವಳಲ್ಲ. ಆ ಬೇಲಿ ಕೆಟ್ಟದ್ದು ಎಂದು ನಾನೂ ಹೇಳುತ್ತೇನೆ, ಇವತ್ತಿಗೂ ಹೇಳುತ್ತೇನೆ.

ಶಾಸಕರ ಸಮಿತಿಯ ಮುಂದೆ ಮಾತಾಡಲು ಸಿಗುವುದು ಕೆಲವೇ ನಿಮಿಷ. ಅದಕ್ಕೆ ಆಫೀಸಿನಲ್ಲಿ ತಾಲೀಮು. ಗುಂಗುರು ಹಾಕಿಕೊಳ್ಳಬೇಕಿದ್ದ ಕೋಟಿನ ತೋಳು ಸರಿಮಾಡಲು ನಾನೂ ಹೋಗಿದ್ದೆ.

"ನಂಗೆ ದೊಡ್ಡಕ್ಕ ಕಲಿಸಿದ್ರು, ತಮ್ಮ ತಲೇನೇ ಕೊಟ್ಟು..." ಎಂದು ಶುರುಮಾಡಿದಳು ಗುಂಗುರು.

"ಇದು ಬೇಡ," ಎಂದಳು ವಕೀಲೆ. "ಇದನ್ನ ಕೇಳಿದ್ರೆ ಶಾಲೆ ಒಳ್ಳೇದು ಅನ್ಸುತ್ತೆ. ಶಾಸಕರು ಅಲ್ಲೇ ಜಾರಿಕೊಳ್ತಾರೆ."

"ನಡೆದದ್ದು ಹಾಗೇ ಅಲ್ವಾ ಮೇಡಂ?"

"ಸುಳ್ಳು ಹೇಳಿ ಅಂತಿಲ್ಲ. ಇದೊಂದನ್ನ ಬಿಟ್ಬಿಡಿ, ಅಷ್ಟೇ. ಶಾಲೇಲಿ ನಿಮಗೇನು ಸಿಕ್ತು ಹೇಳಿ."

ಗುಂಗುರು ನಕ್ಕಳು. ಅದೇ ಹಳೇ ರಾಗ ಎಳೆದಳು. "ಆ ಶಾಲೇಲಿ ನಾನು ಕಲಿತದ್ದು ಗುಡಿಸೋದೊಂದೇ!"

ವಕೀಲೆಯ ಕಣ್ಣು ಅರಳಿತು. "ಇದು! ಇದನ್ನ ಕೊನೇಲಿ ಹೇಳಿ. ನಗ್ದೆ ಹೇಳಿ."

ನಗದೆ ಹೇಳುವುದನ್ನು ಗುಂಗುರು ಕನ್ನಡಿಯ ಮುಂದೆ ನಿಂತು ಕಲಿತಳು.

ಸಮಿತಿಯ ಮುಂದೆ ಶಾಲೆಗಳ ಪರವಾಗಿ, ಹೊಸ ಕಾನೂನು ಬೇಡ ಎನ್ನಲು ದೊಡ್ಡಕ್ಕನೂ ಬರುವವರಿದ್ದರು. ಅದು ಇಬ್ಬರಿಗೂ ಗೊತ್ತಿದ್ದ ವಿಷಯವೇ. "ನೀನು ಲೈಸೆನ್ಸನ್ನ ಎಷ್ಟು ಬೇಕಾದ್ರೂ ಬೈಯಿ. ನಾನು ನಿಮ್ಮ ಬೇಲಿ ಕೀಳೋರನ್ನ ಬೈತೀನಿ. ಸೋಮವಾರ ಮಾತ್ರ ತಪ್ಪಿಸ್ಬೇಡ," ಎಂದಿದ್ದರಂತೆ. ಗುಂಗುರು ಅದನ್ನು ನನ್ನ ಅಂಗಡಿಗೆ ಬಂದು ಹೇಳಿಕೊಂಡು ನಕ್ಕಿದ್ದಳು.

ಆ ದಿನ ನಾನು ಹಿಂದಿನ ಸಾಲಿನಲ್ಲಿದ್ದೆ. ಗುಂಗುರು ಚೆನ್ನಾಗಿಯೇ ಮಾತಾಡಿದಳು. ಇನ್‌ಸ್ಪೆಕ್ಟರ್ ಬಂದದ್ದು, ಅಡುಗೆಮನೆಯಲ್ಲಿ ಮಕ್ಕಳು ಅತ್ತದ್ದು. ಕೊನೆಯ ಮಾತಿಗೆ ಬರುವಾಗ ಎದುರು ಸಾಲಿನಲ್ಲಿ ಕೂತ ದೊಡ್ಡಕ್ಕನನ್ನು ನೋಡಿದಳು. ತಡವರಿಸಿದಳು. ಆದರೆ ಉರು ಹೊಡೆದ ಪಾಠ, ನಾಲಿಗೆ ಅವಳ ಕೈಮೀರಿ ಓಡಿತು. "ಆ ಶಾಲೇಲಿ ನಾನು ಕಲಿತದ್ದು ಗುಡಿಸೋದೊಂದೇ."

ದೊಡ್ಡಕ್ಕ ನಕ್ಕರು. ಅಭ್ಯಾಸ ನೋಡಿ, ಥಟ್ಟನೆ ನಕ್ಕುಬಿಟ್ಟರು. ಸಭೆಯಲ್ಲಿ ಬೇರೆ ಯಾರೂ ನಗಲಿಲ್ಲ. ಶಾಸಕರು ತಲೆ ಅಲ್ಲಾಡಿಸಿ ಬರೆದುಕೊಳ್ಳುತ್ತಿದ್ದರು. ದೊಡ್ಡಕ್ಕ ಗುಂಗುರುವಿನ ಮುಖವನ್ನೊಮ್ಮೆ ನೋಡಿದರು. ಅಲ್ಲೂ ನಗು ಇರಲಿಲ್ಲ.

ಅವರ ಸರದಿ ಬಂದಾಗ ಎದ್ದು ನಿಂತು, "ಅವಳ ಕೈ ಚೆನ್ನಾಗಿದೆ. ಅವಳಿಗೆ ಅಂಗಡಿ ಇಡೋಕೆ ಬಿಡಿ," ಎಂದು ಅಷ್ಟೇ ಹೇಳಿ ಕೂತರು.

ಬೇಲಿ ಬಿತ್ತು. ಗುಂಗುರು ಪಾರ್ಲರ್ ಇಟ್ಟಳು. ಸಂಸ್ಥೆಯವರು ಅವಳ ಮುಖದ ಪೋಸ್ಟರ್ ಮಾಡಿ, ಕೆಳಗೆ ಆ ಮಾತನ್ನೇ ದಪ್ಪಕ್ಷರದಲ್ಲಿ ಬರೆಸಿ ಊರೆಲ್ಲ ಅಂಟಿಸಿದರು. ಶಾಲೆಯ ಎದುರಿನ ಬಸ್ ಸ್ಟಾಪಿನಲ್ಲೂ ಒಂದು.

"ಆ ಮಾತು ತೆಗೀಬಹುದಾ ಮೇಡಂ?" ಎಂದು ಗುಂಗುರು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

"ಗೆಲ್ಲಿಸಿದ್ದೇ ಆ ಮಾತಲ್ವಾ!" ಎಂದಳು ವಕೀಲೆ, ಪ್ರೀತಿಯಿಂದಲೇ.

ಕಡ್ಡಾಯ ಹೋದ ಮೇಲೆ ಶಾಲೆಗೆ ಸೇರುವವರು ಕಡಿಮೆಯಾಗಿ, ದೊಡ್ಡಕ್ಕ ಬಾಗಿಲು ಹಾಕಿದರು. ಗುಂಗುರು ಸೋಮವಾರಗಳಲ್ಲಿ ಅವರ ಬೀದಿಯ ತಿರುವಿನ ತನಕ ಹೋಗಿ ವಾಪಸು ಬರುತ್ತಿದ್ದಳು. ನಾನು ರೇಗಿದೆ. "ಹೋಗಿ ಕಾಲು ಹಿಡ್ಕೋ ಮಾರಾಯ್ತಿ! ಹೆಚ್ಚಂದ್ರೆ ಎರಡು ಬೈತಾರೆ."

"ಬೈದ್ರೆ ಹೋಗ್ತಿದ್ದೆ ಅಣ್ಣಾ," ಎಂದಳು. "ಏನೂ ಅನ್ನದೆ ಕೂತು ಬಿಟ್ರೆ? ಯಾವ ಮುಖ ಇಟ್ಕೊಂಡು ಹೋಗ್ಲಿ?"

ತನ್ನ ಕೂದಲನ್ನು ಎರಡು ಕನ್ನಡಿ ಹಿಡಿದು ತಾನೇ ಕತ್ತರಿಸಿಕೊಳ್ಳುತ್ತಿದ್ದಳು. ಹಿಂದುಗಡೆ ಇಲಿ ಕಡಿದ ಹಾಗೆ ಕಾಣುತ್ತಿತ್ತು. ಗಿರಾಕಿಗಳು ಮುಸಿಮುಸಿ ನಗುತ್ತಿದ್ದರು. ಅಂಥ ಹೊತ್ತಿನಲ್ಲಿ ನನಗೆ ಮಷಿನ್ ತುಳಿಯಲು ಕಾಲೇ ಬರುತ್ತಿರಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ದೊಡ್ಡಕ್ಕನ ತಂಗಿ ಪಾರ್ಲರಿನ ಬಾಗಿಲಲ್ಲಿ ಬಂದು ನಿಂತರು. "ಅಕ್ಕ ಹೋಗ್ಬಿಟ್ಳು. ಕತ್ತರಿ ತಗೊಂಡು ಬಾಮ್ಮ," ಎಂದರು.

ಗುಂಗುರುವಿನ ಕತ್ತರಿ ಪೆಟ್ಟಿಗೆ ಹಿಡಿದುಕೊಂಡು ನಾನೂ ಜೊತೆಗೆ ಹೋದೆ. ಚಿಕ್ಕ ಕೋಣೆ. ಮಂಚದ ಪಕ್ಕದಲ್ಲಿ ಶಾಲೆಯ ಹಳೇ ತಿರುಗುವ ಕುರ್ಚಿ. ಮಂಚದ ಮೇಲೆ ಮಲಗಿದ್ದವರನ್ನು ನನಗೆ ತಕ್ಷಣ ಗುರುತು ಹಿಡಿಯಲಾಗಲಿಲ್ಲ. ಯಾವತ್ತೂ ಗಿಡ್ಡ ಕ್ರಾಪಿನಲ್ಲಿದ್ದ ದೊಡ್ಡಕ್ಕನ ಬಿಳೀ ಕೂದಲು ಹೆಗಲು ದಾಟಿ ದಿಂಬಿನ ತುಂಬ ಹರಡಿತ್ತು.

"ಸಮಿತಿಗೆ ಹೋಗಿ ಬಂದ್ಮೇಲೆ ಒಂದು ಕೂದ್ಲೂ ಕತ್ತರಿಸ್ಕೊಳ್ಲಿಲ್ಲ," ಎಂದರು ತಂಗಿ. "ಬೇರೆ ಯಾರನ್ನಾದ್ರೂ ಕರೀತೀನಿ ಅಂದ್ರೆ, ಬಿಡು, ಸೋಮವಾರ ಬರ್ತಾಳೆ ಅನ್ನೋಳು. ಸೋಮವಾರ ಸಂಜೆ ಆದ್ರೆ, ಬಿಡು, ಮುಂದಿನ ವಾರ ಬರ್ತಾಳೆ ಅನ್ನೋಳು."

ಗುಂಗುರು ಪೆಟ್ಟಿಗೆ ತೆರೆದಳು. ಟವೆಲ್ ಹಾಸಿ, ಬಾಚಿ, ಕತ್ತರಿಸತೊಡಗಿದಳು. ತಲೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಕತ್ತಿನ ಹಿಂದಿನ ಅಂಚನ್ನು ನೇರ ಮಾಡಿದಳು. ಯಾರಿಗೂ ಕಾಣದ ಜಾಗ ಅದು. ಆದರೂ ಅಲ್ಲೇ ಬಹಳ ಹೊತ್ತು ತೆಗೆದುಕೊಂಡಳು. ಕೆಳಗೆ ಬಿದ್ದ ಕೂದಲನ್ನೆಲ್ಲ ಪೊರಕೆಯಿಂದ ಒಂದೂ ಬಿಡದೆ ಗುಡಿಸಿದಳು. ನಾನೂ ತಂಗಿಯೂ ಗೋಡೆಗೆ ಒರಗಿ ಅಳುತ್ತಿದ್ದೆವು.

ಗುಡಿಸಿ ಮುಗಿಸಿ, ಕತ್ತರಿಯನ್ನು ಒರೆಸಿ ದೊಡ್ಡಕ್ಕನ ಕೈಯ ಪಕ್ಕದಲ್ಲಿ ಇಟ್ಟಳು. ಆಮೇಲೆ ಆ ಹಳೇ ಕುರ್ಚಿಯಲ್ಲಿ ಮಂಚಕ್ಕೆ ಬೆನ್ನು ಹಾಕಿ ಕೂತು, ತಲೆ ಬಗ್ಗಿಸಿದಳು.