ಅಣ್ಣನಿಗೆ ಪುರುಸೊತ್ತಿಲ್ಲ

ತಿಪಟೂರಿನ ಕಚೇರಿಯಲ್ಲಿ ಕೂತು ನಾನು ದಿನವಿಡೀ ಹೇಳುವ ಮಾತೆಂದರೆ 'ಬಿಜಿ ಇದ್ದೀನಿ' ಅನ್ನುವುದು. ಹೇಳುವಾಗ ಒಳಗೊಳಗೇ ಒಂದಿಷ್ಟು ಜಂಬವೂ ಇರುತ್ತದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಮೇಜು, ಕುರ್ಚಿ, ಮುಗಿಯದ ಕೆಲಸ, ಇವು ಯಾವುವೂ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ.

ಆದರೆ ಹಂದನಕೆರೆ ಕಡೆಯ ನಮ್ಮೂರಿಗೆ ಹೋದರೆ ಈ 'ಬಿಜಿ' ಸಪ್ಪೆಯಾಗಿಬಿಡುತ್ತದೆ. ಅಲ್ಲಿ ಎಂಥೆಂಥ ಮಾತುಗಳಿವೆ ನೋಡಿ! ಬಸ್ಸಿನ ಹಾರ್ನ್ ಕೇಳಿದರೆ ಅವಸರ. ನೆಂಟರು ಹೇಳದೆ ಬಂದಿಳಿದರೆ ತರಾತುರಿ. ಹಾಲು ಉಕ್ಕಿ, ಮಗು ಕಿರುಚಿ, ಎಮ್ಮೆ ಹಗ್ಗ ಕಿತ್ತುಕೊಂಡರೆ ಗಡಿಬಿಡಿ. ಇನ್ನು ಪುರುಸೊತ್ತು ಅರಬ್ಬಿಯಲ್ಲಿ ಹುಟ್ಟಿ, ಪಾರ್ಸಿ-ಉರ್ದುಗಳ ಹೆಗಲೇರಿ ನಮ್ಮ ಸೀಮೆಗೆ ಬಂದದ್ದಂತೆ. ಬಂದದ್ದೇನೋ ಸರಿ, ಆದರೆ 'ಇಲ್ಲ' ಎಂಬುದರ ಕೈಬಿಟ್ಟು ಅದು ಒಂಟಿಯಾಗಿ ಓಡಾಡಿದ್ದನ್ನು ನಾನಂತೂ ಕಂಡಿಲ್ಲ.

ಈ ಮಾತುಗಳೆಲ್ಲ ಒಟ್ಟಿಗೆ ಕುಣಿಯುತ್ತಿದ್ದದ್ದು ಅಟ್ಟದಿಂದ ಕಾಯಿ ಇಳಿಸುವ ದಿನ. ಅಟ್ಟಕ್ಕೇರಿಸಿದ ತೆಂಗಿನಕಾಯಿಯ ನೀರು ಇಂಗಿ, ಒಳಗೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ನನ್ನನ್ನು ಓದಿಸಿದ್ದೂ ಅದೇ ಅಟ್ಟ. ವರ್ಷವೆಲ್ಲ ಸುಮ್ಮನಿರುತ್ತಿದ್ದ ಅಣ್ಣನಿಗೆ ಆ ದಿನ ಮೈಮೇಲೆ ಬಂದಂತಾಗುತ್ತಿತ್ತು. ಅಂಗಳದ ತುಂಬ ಕಾಯಿ ಸುಲಿಯುವವರು, ಚಿಪ್ಪು ಒಡೆಯುವ ಹೆಂಗಸರು, ನಡುವೆ ಅವನ ಕೂಗು:

"ಏನೇ, ಮ್ಯಾಲೆ ನಿದ್ದೆ ಹೊಡೀತಿದ್ದೀಯಾ? ಇಳಿಸೇ ಬಿರ್ರನೆ!"

ಅಟ್ಟದ ಕತ್ತಲಿನಿಂದ ಅತ್ತಿಗೆಯ ದನಿ: "ಬುಡ್ರೀ ಸಾಕು, ವರ್ಸ ಕಾದಿರೋ ಕಾಯಿ ಈಗ ಓಡೋಯ್ತದಾ?"

ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಗಟಗಟ ಅಂದರೆ ಮಾತ್ರ ಅತ್ತಿಗೆ ಕೆಳಗೆ ಬಿಡುತ್ತಿದ್ದರು.

ಹೋದ ವರ್ಷ ಕಾಯಿ ಅಟ್ಟಕ್ಕೇರಿಸಿ ಜೋಡಿಸಿದವರೂ ಅವರೇ. ಅವು ಒಣಗುವುದರೊಳಗೆ ಅವರೇ ಹೋಗಿಬಿಟ್ಟರು.

ಇಳಿಸುವ ಕಾಲ ಬಂತು, ಕಳೆದೂ ಹೋಯಿತು. ಇನ್ನೂ ಬಿಟ್ಟರೆ ಕೊಬ್ಬರಿ ಕೆಡುತ್ತದೆ ಎಂದು ಅಣ್ಣನ ಮಗ ಹೇಳಿ ಸೋತ. ಫೋನಿನಲ್ಲಿ ನಾನೂ ಹೇಳಿದೆ.

"ಪುರುಸೊತ್ತಿಲ್ಲ ಕಣ್ಲಾ," ಅಂದ ಅಣ್ಣ.

ಅಂಥಾ ಕೆಲಸ ಏನಮ್ಮಾ ಎಂದು ಅವನ ಸೊಸೆಯನ್ನು ವಿಚಾರಿಸಿದೆ. "ಏನಿಲ್ಲ ಚಿಕ್ಕಮಾವ, ಬೆಳಗ್ಗಿಂದ ಅಟ್ಟದ ಏಣಿ ಪಕ್ಕ ಕೂತವ್ರೆ," ಅಂದಳು.

ರಜೆ ಹಾಕಿ ಊರಿಗೆ ಹೋದೆ. ಸುಲಿಯುವವರನ್ನು ನಾನೇ ಕರೆಸಿದೆ. ಅಟ್ಟಕ್ಕೂ ನಾನೇ ಹತ್ತಿದೆ. ಅಣ್ಣ ಬೇಡವೆನ್ನಲಿಲ್ಲ, ಏಣಿಯ ಪಕ್ಕದಿಂದ ಏಳಲೂ ಇಲ್ಲ. ಕೆಳಗೆ ಸದ್ದು, ಧೂಳು, ಬೈಗುಳ, ನಗು, ಹಳೆಯ ಗಡಿಬಿಡಿ ಮೆಲ್ಲಗೆ ಮನೆಯೊಳಕ್ಕೆ ಬಂತು. ಅದು ಬಂದದ್ದೇ ಅಣ್ಣ ಎದ್ದು ನಿಂತ. ಅಟ್ಟದತ್ತ ತಲೆಯೆತ್ತಿ ಕೂಗಿಯೇಬಿಟ್ಟ:

"ಏನೇ ಅದು, ಇಳಿಸೇ ಬಿರ್ರನೆ!"

ಅಂಗಳದ ಕೈಗಳೆಲ್ಲ ನಿಂತವು. ಮೇಲಿದ್ದ ನನ್ನ ಕೈಯಲ್ಲೊಂದು ಕಾಯಿ ಇತ್ತು. ಸುಮ್ಮನೆ ಕಾಯಿಯನ್ನು ಅಲ್ಲಾಡಿಸಿದೆ. ಗಟಗಟ ಅಂದಿತು.

ಚಿಪ್ಪು ಒಡೆಯುತ್ತಿದ್ದ ಪಕ್ಕದ ಮನೆಯ ಪುಟ್ಟಮ್ಮ ಮೆಲ್ಲಗೆ ಹೇಳಿದಳು: "ಬುಡಣ್ಣ. ಕಾಯೇನು ಓಡೋಯ್ತದಾ?"

ಅಣ್ಣ ಏಣಿಯ ಪಕ್ಕದಲ್ಲೇ ಕುಸಿದು, ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಮಣ್ಣು ಮಾಡಿದ ದಿನವೂ ಅಳದವನು ಈಗ ಅತ್ತ. ನಾನು ಇಳಿದುಬಂದು ಪಕ್ಕದಲ್ಲಿ ಕೂತೆ.

ಅಷ್ಟರಲ್ಲಿ ಕಚೇರಿಯಿಂದ ಫೋನು. "ಸಾರ್, ಎರಡು ನಿಮಿಷ ಪುರುಸೊತ್ತಿದೆಯಾ?"

"ಇಲ್ಲಪ್ಪ," ಅಂದೆ, "ತುಂಬ ಬಿಜಿ ಇದ್ದೀನಿ."

ಅಣ್ಣನೂ ನಾನೂ ಸುಮ್ಮನೆ ಕೂತಿದ್ದೆವು.